ವಾರಕ್ಕೊಂದು ಪೀರಿಯಡ್ ಮಕ್ಕಳ ಕೈಗೆ ಕೊಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಯಾವುದಾದರೂ ಪಿಯು ಕಾಲೇಜಿನ ಗೇಟಿನ ಬಳಿ ಅರ್ಧ ಗಂಟೆ ನಿಂತು ನೋಡಿ. ಅರ್ಜಿ ಹಿಡಿದ ಹುಡುಗ, ಪಕ್ಕದಲ್ಲಿ ಅಪ್ಪ ಅಮ್ಮ, ಎದುರಿಗೆ ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್ ಎಂಬ ನಾಲ್ಕು ನಾಲ್ಕು ಅಕ್ಷರಗಳ ಪಟ್ಟಿ. ಕೌಂಟರಿನಲ್ಲಿ ಮೊದಲು ಕೇಳುವುದು ‘ಎಷ್ಟು ಪರ್ಸೆಂಟ್?’ ಎಂದು. ‘ನಿನಗೇನು ಇಷ್ಟ?’ ಎಂದು ಕೇಳುವವರು ಅಪರೂಪ. ಕೇಳಿದರೂ ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ, ‘ಸೈನ್ಸ್ ತಗೊಳ್ಳಲಿ ಸರ್, ಆಮೇಲೆ ನೋಡ್ಕೊಳ್ಳೋಣ’ ಎನ್ನುತ್ತಾರೆ. ಮುಂದಿನ ಬದುಕಿನ ಬಹುಪಾಲು ಆ ಕೌಂಟರಿನಲ್ಲೇ ತೀರ್ಮಾನವಾಗಿಬಿಡುತ್ತದೆ.

ಇದರಲ್ಲಿ ಅಪ್ಪನ ತಪ್ಪಿಲ್ಲ, ಹುಡುಗನ ತಪ್ಪಂತೂ ಇಲ್ಲವೇ ಇಲ್ಲ. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ, ಮೂರು ವರ್ಷ, ಶಾಲೆ ಅವನಿಂದ ಒಂದು ಸಣ್ಣ ಆಯ್ಕೆಯನ್ನೂ ಮಾಡಿಸಿರುವುದಿಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ಎಸ್ಸೆಸ್ಸೆಲ್ಸಿ ಬರೆದ ಮಕ್ಕಳಿರುವ ಮನೆಗೆಲ್ಲ ಈ ಲೆಕ್ಕ ಬಾಯಿಪಾಠ. ಆಯ್ಕೆ ಅಂತ ಇದ್ದರೆ ಭಾಷೆಯಲ್ಲಿ. ಅದೂ ಆ ಶಾಲೆಯಲ್ಲಿ ಯಾವ ಭಾಷೆಯ ಮೇಷ್ಟ್ರು ಇದ್ದಾರೆ ಎಂಬುದನ್ನು ಅವಲಂಬಿಸಿದ್ದು. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವೃತ್ತಿ ವಿಷಯ ಓದಲು ಅವಕಾಶವಿದೆ. ಸಿಬಿಎಸ್‌ಇ ಶಾಲೆಗಳಲ್ಲಿ ಆರನೆಯ ವಿಷಯವಾಗಿ ಕೃತಕ ಬುದ್ಧಿಮತ್ತೆಯಂಥದ್ದನ್ನು ತೆಗೆದುಕೊಳ್ಳಬಹುದು. ಬೇಕಾದದ್ದೇ, ಬೇಡವೆನ್ನುವುದಿಲ್ಲ. ಆದರೆ ಓದುವುದು ಹೇಗೆ, ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ಹೇಗೆ, ಒಂದು ಕೆಲಸಕ್ಕೆ ಹತ್ತು ಜನರನ್ನು ಸೇರಿಸಿ ಅದನ್ನು ಮುಗಿಸುವುದು ಹೇಗೆ ಎಂಬುದನ್ನು ಕಲಿಸಲು ಟೈಮ್‌ಟೇಬಲ್ಲಿನಲ್ಲಿ ಒಂದು ಚೌಕವೂ ಇಲ್ಲ. ವಾರಕ್ಕೆ ನಲವತ್ತರ ಮೇಲೆ ಪೀರಿಯಡ್‌ಗಳಿವೆ. ಅವುಗಳಲ್ಲಿ ಒಂದನ್ನು ಇದಕ್ಕೆ ಬಿಟ್ಟುಕೊಡಿ ಎಂಬುದೇ ಈ ಲೇಖನದ ಬೇಡಿಕೆ.

ನಾಯಕತ್ವವನ್ನು ನಮ್ಮ ಶಾಲೆಗಳು ಕಲಿಸುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಕಲಿಸುತ್ತವೆ, ಕ್ಲಾಸ್ ಲೀಡರ್ ಮೂಲಕ. ಮೇಷ್ಟ್ರು ಆಫೀಸಿಗೆ ಹೋದಾಗ ಅವನ ಕೈಗೆ ಸೀಮೆಸುಣ್ಣ ಬರುತ್ತದೆ. ಬೋರ್ಡಿನ ಎಡಗಡೆ ‘ಮಾತಾಡಿದವರು’ ಎಂದು ಬರೆದು ಅಡಿಗೆರೆ ಎಳೆಯುತ್ತಾನೆ. ಒಂದೊಂದೇ ಹೆಸರು ಕೆಳಗೆ ಸೇರುತ್ತದೆ. ಎರಡನೇ ಸಲ ಮಾತಾಡಿದವರ ಹೆಸರಿನ ಮುಂದೆ ಇಂಟು ಗುರುತು. ಗೆಳೆಯನ ಹೆಸರನ್ನು ಅಂಗೈಯಲ್ಲಿ ಒರೆಸುತ್ತಾನೆ, ಆಗದವನ ಹೆಸರಿನ ಮುಂದೆ ಇನ್ನೊಂದು ಇಂಟು ಹಾಕುತ್ತಾನೆ. ಮೇಷ್ಟ್ರು ವಾಪಸು ಬಂದು ಪಟ್ಟಿ ಓದುತ್ತಾರೆ. ಅಧಿಕಾರವೆಂದರೆ ಮೇಲಿನವರಿಗೆ ವರದಿ ಒಪ್ಪಿಸುವುದು, ಕೆಳಗಿನವರ ಬಾಯಿ ಮುಚ್ಚಿಸುವುದು ಎಂಬ ಪಾಠ ಆ ಹತ್ತು ನಿಮಿಷದಲ್ಲಿ ಇಡೀ ತರಗತಿಗೆ ಆಗಿರುತ್ತದೆ. ಅದು ಪಠ್ಯದಲ್ಲಿಲ್ಲ, ಆದರೆ ಪಠ್ಯಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಶಾಲಾ ಸಂಸತ್ತು ಇದಕ್ಕಿಂತ ಎಷ್ಟೋ ಮೇಲು. ಜೂನ್–ಜುಲೈನಲ್ಲಿ ನಾಮಪತ್ರ, ಪ್ರಚಾರ, ಮೊಬೈಲ್ ಆ್ಯಪ್‌ನಲ್ಲೇ ಮತಯಂತ್ರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ. ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಆರೋಗ್ಯ ಮಂತ್ರಿ, ವಿರೋಧ ಪಕ್ಷದ ನಾಯಕ ಎಲ್ಲರೂ ಆಯ್ಕೆಯಾಗುತ್ತಾರೆ. ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ, ಸಮಾಜ ವಿಜ್ಞಾನದ ಮೇಷ್ಟ್ರು ಕಷ್ಟಪಟ್ಟು ಮಾಡಿಸುತ್ತಾರೆ. ಆಮೇಲೆ? ಬಹಳ ಶಾಲೆಗಳಲ್ಲಿ ಆ ಸಂಸತ್ತು ಮತ್ತೆ ಸೇರುವುದಿಲ್ಲ. ಆರೋಗ್ಯ ಮಂತ್ರಿಗೆ ಶೌಚಾಲಯದ ನಲ್ಲಿ ಕೆಟ್ಟಿರುವುದು ಗೊತ್ತಿರುತ್ತದೆ. ಅದನ್ನು ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು, ಉತ್ತರ ಬಾರದಿದ್ದರೆ ಮುಂದೇನು ಮಾಡಬೇಕು ಎಂಬುದು ಗೊತ್ತಿರುವುದಿಲ್ಲ. ಹುದ್ದೆ ಕೊಟ್ಟ ನಾವು ಕೆಲಸ ಕಲಿಸುವುದನ್ನು ಬಿಟ್ಟಿದ್ದೇವೆ.

ಪಶ್ಚಿಮ ಬೆಂಗಳೂರಿನಲ್ಲಿ ಈ ಕೊರತೆ ಎಲ್ಲ ಮಕ್ಕಳಿಗೂ ಒಂದೇ ಸಮ ತಟ್ಟುವುದಿಲ್ಲ. ರಾಜಾಜಿನಗರದಲ್ಲಿ ನ್ಯಾಷನಲ್ ಪಬ್ಲಿಕ್ ಸ್ಕೂಲ್ ಶುರುವಾದದ್ದು 1959ರಲ್ಲಿ. ಆಮೇಲೆ ಈ ಭಾಗದುದ್ದಕ್ಕೂ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಎದ್ದವು. ಇಂದು ಅಂಥ ಅನೇಕ ಶಾಲೆಗಳಲ್ಲಿ ಚರ್ಚಾಕೂಟ, ಮಾದರಿ ವಿಶ್ವಸಂಸ್ಥೆ, ಸಾರ್ವಜನಿಕ ಭಾಷಣದ ತರಬೇತಿ, ಕೌನ್ಸೆಲರ್ ಎಲ್ಲ ಉಂಟು. ಮನೆಯಲ್ಲೂ ಎಂಜಿನಿಯರ್ ಅಪ್ಪ, ಬ್ಯಾಂಕಿನಲ್ಲಿರುವ ಅಮ್ಮ ಇರುತ್ತಾರೆ. ಪರೀಕ್ಷೆಗೆ ಹೇಗೆ ತಯಾರಾಗಬೇಕು, ಮೇಷ್ಟ್ರಲ್ಲಿ ಸಂಶಯ ಹೇಗೆ ಕೇಳಬೇಕು ಎಂಬುದು ಊಟ ಮಾಡುತ್ತಲೇ ಮಗುವಿಗೆ ದಾಟುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಮಾಕ್ಷಿಪಾಳ್ಯ, ಲಗ್ಗೆರೆ. ಲೇತ್ ಮಷೀನು, ಪ್ಲೇಟಿಂಗ್, ಮೋಟಾರ್ ವೈಂಡಿಂಗ್, ಗಾರ್ಮೆಂಟ್ಸ್. ಮಾಗಡಿ, ಕುಣಿಗಲ್, ಮಂಡ್ಯ, ಕೊಳ್ಳೇಗಾಲದ ಕಡೆಯಿಂದ ಬಂದು ಬಾಡಿಗೆ ಮನೆ ಹಿಡಿದ ಕುಟುಂಬಗಳ ಮಕ್ಕಳು ಸರ್ಕಾರಿ, ಅನುದಾನಿತ, ಪಾಲಿಕೆಯ ಶಾಲೆಗಳಿಗೆ ಬರುತ್ತಾರೆ. ಇವರಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲಿಗರು. ‘ಚೆನ್ನಾಗಿ ಓದು ಮಗಾ’ ಎಂದು ಅಮ್ಮ ಹೇಳುತ್ತಾಳೆ, ಅದಕ್ಕಾಗಿ ಓವರ್‌ಟೈಮ್ ಮಾಡುತ್ತಾಳೆ. ಚೆನ್ನಾಗಿ ಓದುವುದೆಂದರೆ ಕುಳಿತು ಏನು ಮಾಡುವುದು ಎಂದು ತೋರಿಸಿಕೊಡುವ ಶಕ್ತಿ ಅವಳಿಗಿಲ್ಲ. ಆ ಕೆಲಸ ಶಾಲೆಯದು, ಶಾಲೆಯದು ಮಾತ್ರ.

ಇದನ್ನು ಒಬ್ಬ ಟೀಚರ್ ಬೇರೆಡೆ ಮಾಡಿ ತೋರಿಸಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಕ್ಲೇರ್‌ಮಾಂಟ್ ಹೈಸ್ಕೂಲಿಗೆ, ವರ್ಣಭೇದ ಹೋಗಲಾಡಿಸುವ ನ್ಯಾಯಾಲಯದ ಆದೇಶದಂತೆ, ಬಡ ಬಡಾವಣೆಗಳ ಮಕ್ಕಳು ಬಸ್ಸಿನಲ್ಲಿ ಬರುವಂತಾಯಿತು. ಅವರನ್ನು ಸುಲಭದ ತರಗತಿಗಳಿಗೆ ಹಾಕೋಣ ಎಂಬ ಮಾತು ಬಂತು. ಇಂಗ್ಲಿಷ್ ಕಲಿಸುತ್ತಿದ್ದ ಮೇರಿ ಕ್ಯಾಥರೀನ್ ಸ್ವಾನ್ಸನ್ ಅದಕ್ಕೆ ಒಪ್ಪಲಿಲ್ಲ. 1980ರಲ್ಲಿ 32 ಮಕ್ಕಳನ್ನು ಆರಿಸಿ ಕಷ್ಟದ ತರಗತಿಗಳಿಗೇ ಸೇರಿಸಿದರು. ಜೊತೆಗೆ ದಿನಕ್ಕೊಂದು ಐಚ್ಛಿಕ ಪೀರಿಯಡ್ ಇಟ್ಟು ಓದುವ ಕೌಶಲ ಕಲಿಸಿದರು. ಟಿಪ್ಪಣಿ ಬರೆಯುವುದು, ಪುಸ್ತಕಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವುದು, ಗುಂಪಿನಲ್ಲಿ ಕುಳಿತು ಗೊತ್ತಿಲ್ಲದ್ದನ್ನು ಕೇಳುವುದು. ಕಾಲೇಜು ವಿದ್ಯಾರ್ಥಿಗಳು ಸಹಾಯಕ್ಕೆ ಬರುತ್ತಿದ್ದರು, ಆದರೆ ಅವರು ಉತ್ತರ ಹೇಳಿಕೊಡುವಂತಿರಲಿಲ್ಲ, ಮರುಪ್ರಶ್ನೆ ಕೇಳಬೇಕಿತ್ತು. ‘ಆವಿಡ್’ ಎಂಬ ಹೆಸರಿನ ಆ ಕೋರ್ಸು ಈಗ ಆ ದೇಶದ ಸಾವಿರಾರು ಶಾಲೆಗಳಲ್ಲಿದೆ. ಸ್ವಾನ್ಸನ್ ಪಾಠದ ಮಟ್ಟ ಇಳಿಸಲಿಲ್ಲ, ಮಕ್ಕಳನ್ನು ಆ ಮಟ್ಟಕ್ಕೆ ಏರಿಸಲು ಒಂದು ಪೀರಿಯಡ್ ಕೊಟ್ಟರು. ಈ ಮಾತನ್ನು, ಪಾಸಾಗಲು ಸಾಕಾಗುವಷ್ಟೇ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಹಂಚುವ ನಮ್ಮ ವ್ಯವಸ್ಥೆ ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮ್ಮ ಮಕ್ಕಳು ಓದುವ ಬಗೆಯನ್ನೇ ನೋಡಿ. ಪಾಠವನ್ನು ಮತ್ತೆ ಮತ್ತೆ ಓದುತ್ತಾರೆ, ಮುಖ್ಯ ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ, ಗೈಡಿನ ಪ್ರಶ್ನೋತ್ತರ ಉರು ಹೊಡೆಯುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗಬೇಕು. ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು. ಇನ್ನೊಂದು ಬರಹವನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ 81ರಷ್ಟು ನೆನಪಿತ್ತು, ಬರೆದು ನೋಡಿದ್ದು ಶೇ 75. ವಾರ ಕಳೆದ ಮೇಲೆ ತಿರುವುಮುರುವಾಯಿತು. ಎರಡು ಸಲ ಓದಿದ್ದು ಶೇ 42ಕ್ಕೆ ಇಳಿದಿತ್ತು, ಮುಚ್ಚಿಟ್ಟು ಬರೆದದ್ದು ಶೇ 56ರಷ್ಟು ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ‘ಎಲ್ಲಾ ಬರುತ್ತೆ’ ಎನ್ನಿಸಿ, ಹಾಲ್‌ನಲ್ಲಿ ಕೂತಾಗ ಏನೂ ಹೊಳೆಯದ ಮಗು ದಡ್ಡ ಮಗುವಲ್ಲ. ಅದಕ್ಕೆ ಓದುವ ದಾರಿಯನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಆ ದಾರಿ ಎಷ್ಟು ಸರಳವೆಂದರೆ ಒಂದು ನೋಟ್‌ಬುಕ್ ಪುಟ ಸಾಕು. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠವನ್ನೇ ತೆಗೆದುಕೊಳ್ಳೋಣ. ಪುಟದ ಎಡಕ್ಕೆ ಮೂರು ಬೆರಳಗಲ ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ. ಬಲಗಡೆ ಪಾಠ ಕೇಳುವಾಗ ಬರೆದುಕೊಂಡದ್ದು: ತಂತಿಯ ಉದ್ದ ಹೆಚ್ಚಿದರೆ ರೋಧ ಹೆಚ್ಚು, ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚಿದರೆ ರೋಧ ಕಡಿಮೆ. ಎಡಗಡೆ, ಸಂಜೆ ಮನೆಗೆ ಹೋಗಿ, ಮಗು ತಾನೇ ಮಾಡಿದ ಪ್ರಶ್ನೆ: ‘ತಂತಿ ದಪ್ಪ ಇದ್ದರೆ ಕರೆಂಟು ಸಲೀಸಾಗಿ ಹೋಗುವುದು ಯಾಕೆ?’ ಪುಟದ ಕೊನೆಗೆ ಇಡೀ ಪಾಠ ಎರಡು ಸಾಲಿನಲ್ಲಿ, ಸ್ವಂತ ಮಾತಿನಲ್ಲಿ. ಮಾರನೆಯ ದಿನ ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬವರು 1950ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು.

ಈಗ ಆ ಮಗುವಿನ ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಮೋಟಾರ್ ವೈಂಡಿಂಗ್ ಮಾಡುವವರು ಎಂದುಕೊಳ್ಳಿ. ಎಡಗಡೆಯ ಪ್ರಶ್ನೆಯನ್ನು ಮಗು ಅವರ ಮುಂದಿಟ್ಟರೆ, ತಾಮ್ರದ ತಂತಿಯನ್ನು ಗೇಜ್ ಪ್ಲೇಟಿನ ಸೀಳಿಗೆ ತೂರಿಸಿ ತೋರಿಸುತ್ತಾರೆ. ಗೇಜ್ ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ ಎನ್ನುತ್ತಾರೆ. ಸುಟ್ಟುಹೋದ ಮೋಟಾರಿಗೆ ಮೊದಲಿದ್ದ ಗೇಜಿಗಿಂತ ಸಣ್ಣ ತಂತಿ ಸುತ್ತಿದರೆ ಕಾಯಿಲ್ ಬಿಸಿಯಾಗಿ ಮತ್ತೆ ಸುಡುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ‘ವಿದ್ಯುಚ್ಛಕ್ತಿ’ ಪಾಠ ಅಲ್ಲಿ ಬೆಂಚಿನ ಮೇಲೆ ಬಿದ್ದಿದೆ. ‘ನಂಗೇನ್ ಗೊತ್ತು, ನಾನು ಓದಿಲ್ಲ’ ಎನ್ನುತ್ತಿದ್ದ ಅಪ್ಪನೇ ಅವತ್ತು ಮೇಷ್ಟ್ರಾಗುತ್ತಾರೆ. ಪ್ರಶ್ನೆ ಕೇಳುವುದನ್ನು ಕಲಿತ ಮಗುವಿಗೆ ಈ ಬಡಾವಣೆಗಳ ತುಂಬ ಮೇಷ್ಟ್ರುಗಳಿದ್ದಾರೆ.

ಇದಕ್ಕೆಲ್ಲ ಹೊರಗಿನಿಂದ ಹೊಸದಾಗಿ ಏನನ್ನೂ ತರಬೇಕಿಲ್ಲ ಎಂಬುದು ನನಗೆ ಧೈರ್ಯ ಕೊಡುವ ಸಂಗತಿ. ಹೈಸ್ಕೂಲು ಮಕ್ಕಳಿಗಾಗಿ ಜೀವನ ಕೌಶಲಗಳ ಕೈಪಿಡಿಗಳನ್ನು ನಿಮ್ಹಾನ್ಸ್ 2000ದ ದಶಕದ ಆರಂಭದಲ್ಲೇ ಸಿದ್ಧಪಡಿಸಿತು. ನಡೆಸಿಕೊಡುವವರು ಅದೇ ಶಾಲೆಯ ಶಿಕ್ಷಕರು. ಉಪನ್ಯಾಸವಿಲ್ಲ, ಚಟುವಟಿಕೆ, ಚರ್ಚೆ, ಅಭಿನಯ. ಅದರಲ್ಲಿ ಪಾಲ್ಗೊಂಡ ಮಕ್ಕಳಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಾಲೆಯೊಂದಿಗಿನ ಹೊಂದಾಣಿಕೆ ಉತ್ತಮವಾಗಿತ್ತು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸ್ಕೌಟ್ಸ್ ಇದಕ್ಕಿಂತ ಹಳೆಯದು. ಭಾರತದಲ್ಲಿ ಅದು ಕಣ್ಣುಬಿಟ್ಟದ್ದೇ ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಕಟ್ಟಿದ ದಳದಿಂದ. ಆರೆಂಟು ಮಕ್ಕಳ ಪುಟ್ಟ ತಂಡ, ಅವರಲ್ಲೇ ಒಬ್ಬ ಲೀಡರ್, ಶಿಬಿರದಲ್ಲಿ ಅಡುಗೆಯಿಂದ ಟೆಂಟಿನವರೆಗೆ ತಂಡದ್ದೇ ಜವಾಬ್ದಾರಿ. ಬೋರ್ಡಿನ ಮೇಲೆ ಹೆಸರು ಬರೆಯುವ ಲೀಡರಿಗೂ, ಹಸಿದ ಏಳು ಜನರಿಗೆ ಅನ್ನ ಬೇಯಿಸಿ ಹಾಕಬೇಕಾದ ಲೀಡರಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಆದರೆ ಸ್ಕೌಟ್ಸ್, ಎನ್‌ಸಿಸಿ ಎಲ್ಲ ಶಾಲೆಗಳಲ್ಲೂ ಇಲ್ಲ, ಇರುವ ಕಡೆಯೂ ಎಲ್ಲ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ. ಸಮವಸ್ತ್ರಕ್ಕೆ ದುಡ್ಡಿಲ್ಲದೆ ಹಿಂದೆ ಸರಿಯುವ ಮಕ್ಕಳೂ ಇದ್ದಾರೆ.

ಶಾಲೆಯ ಹೊರಗೂ ನೆರವಿದೆ. ವಿಜಯನಗರದಲ್ಲಿ ‘ವಿಜಯನಗರ ಬಿಂಬ’ ಎಂಬ ರಂಗಸಂಸ್ಥೆ ಎಷ್ಟೋ ವರ್ಷಗಳಿಂದ ಮಕ್ಕಳಿಗೆ ರಂಗಶಿಕ್ಷಣ ಕೊಡುತ್ತಿದೆ. ನಾಟಕ ಮಾಡಿದ ಮಗುವಿಗೆ ವೇದಿಕೆ ಹೆದರಿಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚಿನದು, ತನ್ನ ಮಾತು ಮುಗಿದ ಮೇಲೂ ವೇದಿಕೆಯ ಮೇಲೆ ನಿಂತು ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವುದು ರೂಢಿಯಾಗುತ್ತದೆ. ಅದೇ ವಿಜಯನಗರದ ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರಿಗೆ ಅದು ಎರಡನೇ ಮನೆ. ಹೈಸ್ಕೂಲು ಮಕ್ಕಳೂ ಅಲ್ಲಿಗೆ ಬರಬೇಕು, ಮೇಷ್ಟ್ರೇ ಕರೆದುಕೊಂಡು ಬರಬೇಕು. ಇನ್ನೂ ಮುಂದೆ ಮೈಸೂರು ರಸ್ತೆಯಲ್ಲಿ ಕೆಂಗೇರಿಯತ್ತ ಹೋದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣ ಸಿಗುತ್ತದೆ. ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗ್ರಂಥಾಲಯ ವಿಜ್ಞಾನದ ಕೇಂದ್ರ, ಡಿಆರ್‌ಟಿಸಿ, ಇರುವುದು ಅಲ್ಲಿ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ರಂಗನಾಥನ್, ಓದುಗನ ಸಮಯ ಉಳಿಸುವುದು ಗ್ರಂಥಾಲಯದ ಕರ್ತವ್ಯ ಎಂದು 1931ರಷ್ಟು ಹಿಂದೆಯೇ ನಿಯಮ ಬರೆದವರು. ಅವರ ಕೇಂದ್ರ ಇರುವ ರಸ್ತೆಯ ಅಕ್ಕಪಕ್ಕದ ಶಾಲೆಗಳಲ್ಲಿ ಪುಸ್ತಕದ ಬೀರುವಿಗೆ ಬೀಗ ಹಾಕಿರಬಾರದು.

ನಾಯಕತ್ವದ ನಿಜವಾದ ಪಾಠ ಹಳ್ಳಿಯಲ್ಲಿ ನಡೆದಿದೆ, ನಗರದಲ್ಲಿ ನಡೆದಿಲ್ಲ ಎಂಬುದನ್ನೂ ಹೇಳಬೇಕು. ದುಡಿಯುವ ಮಕ್ಕಳ ‘ಭೀಮ ಸಂಘ’ ಮತ್ತು ಅದರ ಬೆನ್ನಿಗೆ ನಿಂತ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯತಿಗಳನ್ನು ಕಟ್ಟಿದವು. ಮಕ್ಕಳು ತಮ್ಮ ಊರಿನ ಸಮಸ್ಯೆಗಳ ಮಾಹಿತಿಯನ್ನು ತಾವೇ ಕಲೆಹಾಕಿ, ದೊಡ್ಡವರ ಪಂಚಾಯತಿಯ ಮುಂದೆ ಮಂಡಿಸಿದರು. ಆಮೇಲೆ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸರ್ಕಾರವೇ ಸುತ್ತೋಲೆ ಹೊರಡಿಸಿತು. ಶಾಲೆಗೆ ಬರುವ ದಾರಿ, ಕುಡಿಯುವ ನೀರು, ಬಸ್ಸು, ಆಟದ ಮೈದಾನದ ಬಗ್ಗೆ ಹದಿಮೂರು ವರ್ಷದ ಹುಡುಗಿ ಮೈಕ್ ಹಿಡಿದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳುತ್ತಾಳೆ. ರಾಜಾಜಿನಗರದ ಹುಡುಗಿಗೆ ಆ ಮೈಕ್ ಸಿಕ್ಕಿಲ್ಲ. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ, ನಮ್ಮ ಭಾಗಕ್ಕೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಬಂದಿದೆ. ಹೊಸ ಪಾಲಿಕೆ ತನ್ನ ವಾರ್ಡುಗಳಲ್ಲಿ ವರ್ಷಕ್ಕೊಂದು ಮಕ್ಕಳ ವಾರ್ಡ್ ಸಭೆ ನಡೆಸಿದರೆ, ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಗೆ ತನ್ನ ಅರ್ಜಿ ಒಯ್ಯಲು ಒಂದು ಜಾಗ ಸಿಗುತ್ತದೆ.

ಶಿಕ್ಷಕರು ಇಲ್ಲಿ ತಲೆ ಅಲ್ಲಾಡಿಸುತ್ತಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಎಫ್‌ಎ, ಎಸ್‌ಎ ಪರೀಕ್ಷೆಗಳು, ವಿದ್ಯಾರ್ಥಿಗಳ ದಾಖಲೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರೂ ಅವರೇ. ಮೇಲೆ ಫಲಿತಾಂಶದ ಒತ್ತಡ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಹೀಗಿರುವಾಗ ಇನ್ನೊಂದು ಪೀರಿಯಡ್ ಎಲ್ಲಿಂದ ತರಲಿ ಎಂದು ಮುಖ್ಯ ಶಿಕ್ಷಕರು ಕೇಳಿದರೆ ಸಿಟ್ಟಾಗುವಂತಿಲ್ಲ. ಆದರೆ ಆ ಕುಸಿತವೇ ಉತ್ತರವನ್ನೂ ಹೇಳುತ್ತದೆ. ಕ್ಯಾಮೆರಾ ಕೆಳಗೆ ಸ್ವಂತ ಬಲದಿಂದ ಬರೆಯಬೇಕಾದ ಮಗುವಿಗೆ ಸ್ವಂತವಾಗಿ ಓದುವುದನ್ನು ಮೊದಲು ಕಲಿಸಬೇಕು. ಸಂಜೆಯ ವಿಶೇಷ ತರಗತಿಯಲ್ಲಿ ಅದೇ ಪ್ರಶ್ನೋತ್ತರವನ್ನು ಇನ್ನೊಮ್ಮೆ ಬರೆಸುವುದಕ್ಕಿಂತ, ಎಂಟನೇ ಕ್ಲಾಸಿನಲ್ಲೇ ವಾರಕ್ಕೆ ನಲವತ್ತು ನಿಮಿಷ ಕೊಡುವುದು ಶಿಕ್ಷಕರ ಭಾರವನ್ನು ಇಳಿಸುತ್ತದೆ.

ಕೈಜೋಡಿಸುವವರೂ ಹತ್ತಿರದಲ್ಲೇ ಇದ್ದಾರೆ. ರಾಜಾಜಿನಗರದ ಕೆಎಲ್‌ಇ ನಿಜಲಿಂಗಪ್ಪ ಕಾಲೇಜಿನಿಂದ ಜ್ಞಾನಭಾರತಿ ಆವರಣದವರೆಗೆ ಈ ಭಾಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಗಿಡ ನೆಡುವುದರ ಜೊತೆಗೆ, ಅದರಲ್ಲಿ ಒಂದು ಪಾಲು ಪಕ್ಕದ ಸರ್ಕಾರಿ ಹೈಸ್ಕೂಲಿಗೆ ಬರಲಿ. ಮಂಡ್ಯದ ಹಳ್ಳಿಯಿಂದ ಬಂದು ಡಿಗ್ರಿ ಓದುತ್ತಿರುವ ಹುಡುಗಿ ಎದುರು ಕೂತು, ‘ನಿನಗೆ ಎಲ್ಲಿ ತಡೆಯಿತು ಹೇಳು’ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕೇಳಿದರೆ, ಆ ಅಕ್ಕನಿಂದ ಕಲಿಯುವುದು ಗಣಿತ ಮಾತ್ರ ಆಗಿರುವುದಿಲ್ಲ.

ಈ ಪೀರಿಯಡ್ ಹೇಗಿರಬೇಕೆಂಬ ಬಗ್ಗೆ ನನಗೆ ಎರಡು ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದೆ. ಮೊದಲನೆಯದು, ಅದಕ್ಕೆ ಅಂಕ ಬೇಡ. ಅಂಕ ಬಂದ ದಿನ ಗೈಡ್ ಬರುತ್ತದೆ, ಮಾರನೆಯ ದಿನ ಟ್ಯೂಷನ್ ಬೋರ್ಡು ಬರುತ್ತದೆ. ಆದರೆ ಟೈಮ್‌ಟೇಬಲ್ಲಿನಲ್ಲಿ ಜಾಗ ಇರಲೇಬೇಕು, ಇಲ್ಲದಿದ್ದರೆ ಗಣಿತದ ಪೋರ್ಷನ್ ಮುಗಿಸಲು ಅದನ್ನೇ ಮೊದಲು ಕಿತ್ತುಕೊಳ್ಳುತ್ತಾರೆ. ಪಿಟಿ ಪೀರಿಯಡ್ಡಿಗೆ ಆಗುತ್ತಿರುವುದನ್ನು ನೋಡುತ್ತಿದ್ದೇವಲ್ಲ. ಎರಡನೆಯದು, ಅದು ಜಾಣ ಮಕ್ಕಳಿಗೆ ಕೊಡುವ ಬಹುಮಾನ ಆಗಬಾರದು. ಪ್ರತಿಭಾ ಕಾರಂಜಿಯಿಂದ ಪ್ರಬಂಧ ಸ್ಪರ್ಧೆಯವರೆಗೆ ಎಲ್ಲಕ್ಕೂ ಹೋಗುವುದು ಅದೇ ನಾಲ್ಕು ಮಕ್ಕಳು. ಹಿಂದಿನ ಬೆಂಚಿನವನಿಗೆ ಒಂದು ವಾರ ಸಭೆಯ ಅಧ್ಯಕ್ಷತೆ ಬರಬೇಕು, ಮುಂದಿನ ವಾರ ನಡಾವಳಿ ಬರೆಯುವ ಕೆಲಸ, ಅದರ ಮುಂದಿನ ವಾರ ಸುಮ್ಮನೆ ಕುಳಿತು ಕೇಳುವ ಕೆಲಸ. ಮೂರರಲ್ಲಿ ಯಾವುದೂ ಕೀಳಲ್ಲ. ವರ್ಷಕ್ಕೊಮ್ಮೆ ಮಗು ತಾನೇ ಒಂದು ಕೆಲಸ ಆರಿಸಿಕೊಳ್ಳಲಿ: ನಾಟಕ, ಶಾಲಾ ಗೋಡೆಪತ್ರಿಕೆ, ಗ್ರಂಥಾಲಯ ನಡೆಸುವುದು, ಮಳೆನೀರಿನ ಲೆಕ್ಕ, ಏನಾದರೂ ಸರಿ. ಆರಿಸಿಕೊಂಡದ್ದು ಹಿಡಿಸದಿದ್ದರೆ ಬಿಟ್ಟು ಬೇರೆಯದಕ್ಕೆ ಹೋಗುವ ಹಕ್ಕೂ ಇರಲಿ. ಹದಿಮೂರರಲ್ಲಿ ಹಾಗೆ ಬದಲಿಸಿ ನೋಡಿದ ಮಗುವಿಗೆ ಹದಿನಾರರಲ್ಲಿ ಪಿಯು ಕೌಂಟರಿನ ಮುಂದೆ ಕೈಕಾಲು ನಡುಗುವುದಿಲ್ಲ.

ನೀತಿಗಳಿಗೆ ಕಾಯುತ್ತಾ ಕುಳಿತರೆ ಈಗಿನ ಎಂಟನೇ ಕ್ಲಾಸಿನ ಮಕ್ಕಳು ಡಿಗ್ರಿ ಮುಗಿಸಿರುತ್ತಾರೆ. ಕೇಂದ್ರದ ಪಠ್ಯಕ್ರಮ ಚೌಕಟ್ಟು 2023ರಲ್ಲಿ ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು, ಭಾಷೆಯ ಕುರಿತ ಚರ್ಚೆಯೇ ಮುನ್ನೆಲೆಗೆ ಬಂತು. ಅಷ್ಟರಲ್ಲಿ, ಇಲಾಖೆಯೇ ‘ಸಂಭ್ರಮ ಶನಿವಾರ’ ಎಂದು ತಿಂಗಳ ಮೂರನೇ ಶನಿವಾರವನ್ನು ಬ್ಯಾಗಿಲ್ಲದ ದಿನ ಮಾಡಿದೆ. ಹೈಸ್ಕೂಲುಗಳು ಅಲ್ಲಿಂದಲೇ ಶುರು ಮಾಡಬಹುದು. ಅದಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ, ಹೊಸ ಪಠ್ಯಪುಸ್ತಕ ಮುದ್ರಣವಾಗಬೇಕಿಲ್ಲ.

ನಿಮ್ಮ ಮಗು ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿದ್ದರೆ, ಮುಂದಿನ ಪೋಷಕರ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಎದ್ದು ಬರಬೇಡಿ. ಶಾಲಾ ಸಂಸತ್ತು ಈ ವರ್ಷ ಎಷ್ಟು ಸಲ ಸೇರಿತು, ಅದು ಬರೆದ ಯಾವ ಅರ್ಜಿಗೆ ಉತ್ತರ ಬಂತು, ಪುಸ್ತಕದ ಬೀರುವಿನ ಕೀ ಯಾರ ಬಳಿ ಇದೆ ಎಂದು ಕೇಳಿ. ವಾರಕ್ಕೊಂದು ಪೀರಿಯಡ್ ಇದಕ್ಕೆ ಬಿಡಿ ಎಂದು ಶಾಲಾಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಬರೆಸಿ. ನೀವು ವೈಂಡಿಂಗ್ ಮಾಡುವವರಾಗಿರಲಿ, ಬ್ಯಾಂಕಿನವರಾಗಿರಲಿ, ಆಟೊ ಓಡಿಸುವವರಾಗಿರಲಿ, ತಿಂಗಳಿಗೊಂದು ದಿನ ಆ ಪೀರಿಯಡ್ಡಿಗೆ ಬಂದು ನಿಮ್ಮ ಕೆಲಸದ ಬಗ್ಗೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆಂದು ಮುಖ್ಯ ಶಿಕ್ಷಕರಿಗೆ ಹೇಳಿ ಬನ್ನಿ.